ಲಕ್ಷ್ಮೀಬಾಯಿ ಧಾರೆ ಎರೆದ ಎಕ್ಕ

ಮಕ್ತಲ್‌ನ ನಮ್ಮ ಓಣಿಯಲ್ಲಿ ಹೆಂಗಸರಿಗೆ ಸಿಟ್ಟು ನೆತ್ತಿಗೇರಿದರೆ ಬಾಯಿಂದ ಬರುವುದು ಒಂದೇ ಮಾತು: "ನಿನ್ನ ಮನಿಯಾಗ ಎಕ್ಕಿ ಹುಟ್ಟಲಿ!" ಮನೆ ಹಾಳುಬಿದ್ದು, ದೀಪ ಹಚ್ಚುವವರಿಲ್ಲದೆ, ಅಂಗಳದಲ್ಲಿ ಎಕ್ಕದ ಗಿಡ ಎದ್ದು ನಿಲ್ಲಲಿ ಎಂಬ ಶಾಪ ಅದು. ಇಂಥ ಊರಿನಲ್ಲಿ ನಮ್ಮ ಪಕ್ಕದ ಮನೆಯ ಲಕ್ಷ್ಮೀಬಾಯಿ ತಾವಾಗಿಯೇ ಎಕ್ಕದ ಕಡ್ಡಿ ತಂದು ಹಿತ್ತಲಲ್ಲಿ ಊರಿದರು, ಬಚ್ಚಲ ನೀರು ತಿರುಗಿಸಿ ಬೆಳೆಸಿದರು, ಕೊನೆಗೆ ಅದಕ್ಕೆ ಮದುವೆಯನ್ನೂ ಮಾಡಿಕೊಟ್ಟರು. ಮದುವೆ ಅಂದರೆ ಮದುವೆಯೇ. ನಗಬೇಡಿ, ಮುಂದೆ ಕೇಳಿ.

ನಾನು ಚನ್ನವೀರಮ್ಮ, ತೆಲಂಗಾಣದ ಗಡಿಯ ಈ ಊರಿನ ಕನ್ನಡ ಶಾಲೆಯ ಟೀಚರು. ನಮ್ಮ ಹಿತ್ತಲಿಗೂ ಅವರ ಹಿತ್ತಲಿಗೂ ನಡುವೆ ಇರುವುದು ಎದೆಮಟ್ಟದ ಗೋಡೆ. ಅವರು ವೈಷ್ಣವರು, ನಾವು ಲಿಂಗಾಯತರು. ಅವರ ಮಡಿ ಅವರಿಗೆ, ನಮ್ಮ ವಿಭೂತಿ ನಮಗೆ. ಆದರೆ ಆ ಗೋಡೆಯ ಮೇಲಿಂದ ಕರಿಬೇವು, ಊರ ಸುದ್ದಿ, ಸುಖದುಃಖ ಎಲ್ಲ ಆಚೀಚೆ ಓಡಾಡಿವೆ. ಅವರ ಯಜಮಾನರು ವಿಜಯೀಂದ್ರಾಚಾರ್ರು ಓಣಿಯ ಕೊನೆಯಲ್ಲಿರುವ ಸಣ್ಣ ಪ್ರಾಣದೇವರ ಗುಡಿಯ ಅರ್ಚಕರು. ಪ್ರಾಣದೇವರು ಅಂದರೆ ಹನುಮಪ್ಪ. ಆಚಾರ್ರು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿಲ್ಲ, ಮಂತ್ರ ಹೇಳುವಾಗ ಬಿಟ್ಟರೆ.

ಲಕ್ಷ್ಮೀಬಾಯಿಗೆ ಮಕ್ಕಳಿಲ್ಲ. ಇದನ್ನು ನಾನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಊರೂ ಅವರ ಬಗ್ಗೆ ಮೊದಲು ಹೇಳುವುದು ಅದನ್ನೇ. ಎರಡನೆಯದಾಗಿ ಹೇಳಬೇಕಾದದ್ದು ಅವರ ಕೆಲಸದ ರೀತಿ. ಹಿಡಿದ ಕೆಲಸವನ್ನು ಬುಡ ಕಾಣುವ ತನಕ ಬಿಡುವ ಹೆಂಗಸಲ್ಲ ಅವರು. ಅಕ್ಕಿ ಆರಿಸಲು ಕೂತರೆ ಕಲ್ಲು ಸಿಗದಿದ್ದರೂ ಮೂರು ಸಲ ಮೊರ ತಿರುವುತ್ತಾರೆ. ಪಾತ್ರೆ ತಿಕ್ಕಿದರೆ ಅದರ ಮೇಲೆ ಕೊರೆಸಿದ ಹೆಸರೂ ಸವೆದುಹೋಗಬೇಕು. "ಬಾಯಾರ, ಸಾಕು ಬಿಡ್ರಿ" ಎಂದು ನಾನು ಗೋಡೆಯಾಚೆಯಿಂದ ಕೂಗಿದರೆ, "ಅರ್ಧ ಬಿಟ್ಟ ಕೆಲಸ ನನಗ ನಿದ್ದಿ ಕೊಡಂಗಿಲ್ರಿ ಟೀಚರ್" ಎನ್ನುತ್ತಿದ್ದರು.

ಎಕ್ಕ ಬಂದದ್ದು ದೇವರ ಹೆಸರಿನಲ್ಲಿ. ಶನಿವಾರ ಪ್ರಾಣದೇವರಿಗೆ ಎಕ್ಕದ ಎಲೆಯ ಹಾರ ಆಗಲೇಬೇಕು. ಮುಂಚೆ ನಾರಾಯಣಪೇಟೆ ರಸ್ತೆಯ ಎರಡೂ ಬದಿಗೆ ಎಕ್ಕವೇ ಎಕ್ಕ, ಕತ್ತರಿಸುವವರು ಬೇಕಿತ್ತು. ರಸ್ತೆ ಅಗಲವಾಯಿತು, ಹೊಲಗಳಲ್ಲಿ ಬಿಳಿ ಕಲ್ಲು ನೆಟ್ಟು ಪ್ಲಾಟು ಮಾಡಿದರು, ಜೆಸಿಬಿ ಬಂದು ಎಲ್ಲ ಕೆರೆದು ಹಾಕಿತು. ಪಾಪ, ಆಚಾರ್ರು ಆ ವಯಸ್ಸಿನಲ್ಲಿ ಸೈಕಲ್ ತುಳಿದು ಉಟ್ಕೂರ್ ದಾರಿಯವರೆಗೆ ಹೋಗಿ ಎಲೆ ತರಬೇಕಾಯಿತು. ಅದನ್ನು ನೋಡಲಾರದೆ ಲಕ್ಷ್ಮೀಬಾಯಿ ಒಂದು ಕಡ್ಡಿ ತರಿಸಿ ಬಚ್ಚಲ ಹಿಂದೆ ನೆಟ್ಟರು. ಎದುರು ಮನೆಯ ನೇಕಾರರ ಬುಚ್ಚಮ್ಮ ಅದನ್ನು ಕಂಡು ಬಾಯಿಯ ಮೇಲೆ ಕೈಯಿಟ್ಟುಕೊಂಡಳು. "ಇಂಟ್ಲ ಜಿಲ್ಲೇಡು ಎವರೈನ ಪೆಡ್ತಾರಾ ಅಮ್ಮಾ? ಮನಿಯಾಗ ಎಕ್ಕಿ ಹಚ್ಚಿಕೊಂತಾರೇನ್ರೀ ಯಾರಾದ್ರೂ?" ಲಕ್ಷ್ಮೀಬಾಯಿ ನಕ್ಕರು. "ಹಾಳಾಗಾಕ ನಮ್ಮನಿಯಾಗ ಏನೈತಿ ಬುಚ್ಚಮ್ಮಾ? ನಾವಿಬ್ಬರು, ಒಬ್ಬ ಹನುಮಪ್ಪ."

ಗಿಡ ಆಳೆತ್ತರ ಬೆಳೆದು ಹೂಬಿಟ್ಟಿತು. ಹೂವಿನ ಬೆನ್ನಿಗೆ ದೊಡ್ಡ ಕರಿ ದುಂಬಿಗಳು ಬಂದವು, ಆಮೇಲೆ ಕೇಸರಿ ರೆಕ್ಕೆಯ, ಕರಿ ಅಂಚಿನ ಚಿಟ್ಟೆಗಳು. ಚಿಟ್ಟೆ ಎಲೆಯ ತಳಕ್ಕೆ ಮೊಟ್ಟೆ ಇಟ್ಟಿತು, ಮೊಟ್ಟೆಯಿಂದ ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳ ಬಂತು. ಮೊದಲ ದಿನ ಲಕ್ಷ್ಮೀಬಾಯಿ ಕಸಬರಿಗೆ ಎತ್ತಿದ್ದನ್ನು ನಾನೇ ನೋಡಿದ್ದೇನೆ. ಯಾಕೋ ಹೊಡೆಯಲಿಲ್ಲ. ಆ ಹುಳ ತಲೆಕೆಳಗಾಗಿ ಜೋತುಬಿದ್ದು, ಬಂಗಾರದ ಚುಕ್ಕೆಯಿರುವ ಹಸಿರು ಮಣಿಯಾದಾಗ ಅವರು ಅದರ ಮುಂದೆ ಮಣೆ ಹಾಕಿಕೊಂಡು ಕೂತರು. ಒಂದು ಬೆಳಿಗ್ಗೆ ನಾನು ಶಾಲೆಗೆ ಹೊರಟಿದ್ದೆ, ಗೋಡೆಯಾಚೆಯಿಂದ ಕೂಗು: "ಟೀಚರ್! ಲಗೂ ಬರ್ರಿ! ಹುಟ್ಟಾಕ ಹತ್ತೈತಿ!" ಯಾರಿಗೋ ಹೆರಿಗೆ ನೋವು ಬಂದಿದೆ ಎಂದು ನಾನು ಚಪ್ಪಲಿಯನ್ನೂ ಮರೆತು ಓಡಿದೆ. ನೋಡಿದರೆ ಮಣಿ ಒಡೆದು ಚಿಟ್ಟೆ ಹೊರಬರುತ್ತಿದೆ! ಬೈಯೋಣ ಎಂದು ಬಾಯಿ ತೆರೆದವಳು ಅವರ ಮುಖ ನೋಡಿ ಸುಮ್ಮನಾದೆ. ಬಾಣಂತಿ ಕೋಣೆಯ ಬಾಗಿಲಲ್ಲಿ ನಿಂತ ಅಜ್ಜಿಯ ಮುಖ ಅದು.

ಅಲ್ಲಿಂದ ಮುಂದೆ ಅವರಿಗೆ ಬೇಕಾದದ್ದು ಒಂದೇ. ಆ ಗಿಡ ಅಲ್ಲಿ ನಿಂತಿರಬೇಕು, ಅಷ್ಟೇ. ಅದರ ಪಕ್ಕದ ಕುಂಬಳಬಳ್ಳಿ ಮುಂಚೆ ಹೂ ಉದುರಿಸಿ ಸುಮ್ಮನಾಗುತ್ತಿತ್ತು. ದುಂಬಿ ಬರಲು ಶುರುವಾದ ಮೇಲೆ ಕಾಯಿ ಹಿಡಿಯಿತು. ನನ್ನ ಆರನೇ ಕ್ಲಾಸಿನ ಮಕ್ಕಳನ್ನು ಸಾಲಾಗಿ ಕರೆತಂದು ಪರಾಗಸ್ಪರ್ಶದ ಪಾಠವನ್ನು ನಾನು ಅದೇ ಹಿತ್ತಲಲ್ಲಿ ಮಾಡಿದೆ. ಮಕ್ಕಳಿಗೆ ಪಾಠಕ್ಕಿಂತ ಬಾಯಿಯವರು ಕೊಟ್ಟ ಅವಲಕ್ಕಿಯೇ ನೆನಪಿದೆ, ಆ ಮಾತು ಬೇರೆ.

ಜಗಳ ಆದದ್ದು ಹನುಮಪ್ಪನ ಜೊತೆಗೆ. ಆಚಾರ್ರು ಶನಿವಾರ ಎಲೆ ಕೀಳಲು ಬಂದರೆ ಇವರು ಅಡ್ಡ ನಿಲ್ಲುವರು. "ಆ ಕೊಂಬಿಗೆ ಕೈ ಹಚ್ಚಬ್ಯಾಡ್ರಿ, ತತ್ತಿ ಅದಾವು." "ಈ ಕಡಿ?" "ಅಲ್ಲಿ ಕೂಸುಗಳು ಮೇಯಾಕ ಹತ್ಯಾವು." "ಮತ್ತ ದೇವರಿಗೆ ಏನು ಹಾಕ್ಲೇ?" "ತೂತಿರೋ ಎಲಿ ಹಾಕ್ರಿ. ಅವ ಏನು ಒಲ್ಲೆ ಅಂದಾನ?" ನಮ್ಮ ಓಣಿಯ ಪ್ರಾಣದೇವರು ಎಷ್ಟೋ ಶನಿವಾರ ತೂತುಬಿದ್ದ ಎಲೆಯ ಹಾರ ಹಾಕಿಕೊಂಡು ನಿಂತರು. ಯಾರಿಗೂ ಏನೂ ಕೆಡುಕಾಗಲಿಲ್ಲ.

ಕೆಡುಕು ಬಂದದ್ದು ಗದ್ವಾಲದಿಂದ, ಬಸ್ಸು ಹತ್ತಿ.

ಗದ್ವಾಲದಲ್ಲಿ ಆಚಾರ್ರ ಅಣ್ಣನ ಮನೆ. ಅಣ್ಣ ತೀರಿಕೊಂಡಿದ್ದರು; ಅತ್ತಿಗೆ ಯಂಕೂಬಾಯಿ, ಮಗ ಸುಶಮೀಂದ್ರ. ಸುಶಮೀಂದ್ರನಿಗೆ ಕಚೇರಿಯಲ್ಲಿ ನೌಕರಿ, ವಯಸ್ಸು ನಲವತ್ತರ ಹತ್ತಿರ. ಮೊದಲ ಹೆಂಡತಿ ಡೆಂಗಿ ಜ್ವರದಲ್ಲಿ ಹೋದಳು. ಎರಡನೆಯವಳು ಒಂದು ವರ್ಷ ಬಾಳಿ ತವರಿಗೆ ಹೋದವಳು ತಿರುಗಿ ಬರಲಿಲ್ಲ, ಕೋರ್ಟಿನಲ್ಲಿ ಬಿಡುಗಡೆಯಾಯಿತು. ಯಾಕೆ ಹೋದಳು ಎಂದು ಯಾರೂ ಕೇಳಲಿಲ್ಲ. ಯಂಕೂಬಾಯಿಯವರ ಜೊತೆ ಅರ್ಧ ದಿನ ಕೂತಿದ್ದರೆ ಕೇಳುವ ಅಗತ್ಯವೂ ಇಲ್ಲ. ಈಗ ಮೂರನೆಯ ಮದುವೆ. ಮೂರನೆಯದು ಉಳಿಯುವುದಿಲ್ಲ ಎಂಬುದು ಅವರಲ್ಲಿ ಹಳೆಯ ನಂಬಿಕೆ. ಅದಕ್ಕೆ ಉಪಾಯವೂ ಹಳೆಯದೇ: ಗಂಡಿಗೆ ಮೊದಲು ಎಕ್ಕದ ಗಿಡದ ಜೊತೆ ಮದುವೆ ಮಾಡುವುದು, ಆಮೇಲೆ ಗಿಡವನ್ನು ಕಡಿದು ಹಾಕುವುದು. ಮೂರನೆಯ ಹೆಂಡತಿ ಸತ್ತಳು, ಕಂಟಕ ಕಳೆಯಿತು, ಬರುವ ಹುಡುಗಿ ನಾಲ್ಕನೆಯವಳು. ಏನು ಲೆಕ್ಕ ನೋಡಿ!

"ಗಿಡ ಹುಡುಕಾಕ ಎಲ್ಲಿಗೆ ಹೋಗೋಣ? ನಿಮ್ಮ ಹಿತ್ತಲದಾಗೇ ದೇವರ ಗಿಡ ಐತಿ" ಎಂದು ಯಂಕೂಬಾಯಿ ಪಡಸಾಲೆಯಲ್ಲಿ ಕಾಲು ಚಾಚಿ ಕೂತರು. ಲಕ್ಷ್ಮೀಬಾಯಿ ಅಡುಗೆಮನೆಯ ಬಾಗಿಲಲ್ಲೇ ನಿಂತರು. "ಅಕ್ಕಾ, ರೋಡಿನ ಕಡಿ ಬೇರೆ ಗಿಡ ಸಿಗತಾವು..." "ಹೊಲಸು ಜಾಗದ ಗಿಡ ತಂದು ನನ್ನ ಮಗನ ಕೊರಳಿಗೆ ಕಟ್ಟಲೇನು?" ಅವರ ಜೊತೆ ಬಂದಿದ್ದ ಪುರೋಹಿತರು ಆಗ ಬಾಣ ಬಿಟ್ಟರು. "ಗಿಡಕ್ಕ ತಂದಿತಾಯಿ ಬೇಕಲ್ರೀ. ಬೆಳಿಸಿದವರು ನೀವು. ನೀವೇ ಧಾರಿ ಎರೀರಿ. ಕನ್ಯಾದಾನದ ಪುಣ್ಯ ಬರತೈತಿ. ಈ ಜನ್ಮದಾಗ ಇನ್ನೆಲ್ಲಿ ಬರಬೇಕದು ನಿಮಗ?"

ಆಚಾರ್ರು ತಲೆ ತಗ್ಗಿಸಿದರು. ಹೆಣ್ಣುಮಗಳಿಲ್ಲದ ಮನುಷ್ಯನಿಗೆ ಕನ್ಯಾದಾನ ಎಂಬ ಮಾತು ಎಲ್ಲಿ ತಾಗಿತೋ ಏನೋ, ತಲೆ ಎತ್ತಿದಾಗ ಕಣ್ಣು ಒದ್ದೆಯಾಗಿತ್ತು. ಅಣ್ಣನ ಮಗ ಬೇರೆ. ಅವರು ಒಪ್ಪಿದರು. ಗಂಡ ಒಪ್ಪಿದ ಮೇಲೆ ಲಕ್ಷ್ಮೀಬಾಯಿಯನ್ನು ಯಾರು ಕೇಳುತ್ತಾರೆ?

ಒಂದು ಭಾನುವಾರ ಬೆಳಿಗ್ಗೆ ಮದುವೆ. ನಾನು ಗೋಡೆಯ ಈಚೆ ನಿಂತು ನೋಡಿದೆ. ಗಿಡಕ್ಕೆ ಅರಿಸಿನದ ನೀರು ಹಾಕಿ, ಹಳದಿ ಖಣ ಸುತ್ತಿ, ಕೊಂಬೆಗಳಿಗೆ ಹಸಿರು ಬಳೆ ತೊಡಿಸಿದ್ದರು. ಸುಶಮೀಂದ್ರ ಬಾಸಿಂಗ ಕಟ್ಟಿಕೊಂಡು ಯಾರ ಮುಖವನ್ನೂ ನೋಡದೆ ನಿಂತಿದ್ದ. ಆಚಾರ್ರು ಅವನ ಕೈ ಹಿಡಿದರು, ಲಕ್ಷ್ಮೀಬಾಯಿ ತಂಬಿಗೆಯಿಂದ ನೀರು ಬಿಟ್ಟರು. ನೀರು ಅರ್ಧ ಅವರ ಸೆರಗಿನ ಮೇಲೇ ಹೋಯಿತು. ಸುಶಮೀಂದ್ರ ತಾಳಿ ಕಟ್ಟುವಾಗ ಅದೇ ಕೊಂಬೆಯಲ್ಲಿ ಒಂದು ಪಟ್ಟೆ ಹುಳ ಏನೂ ಆಗಿಲ್ಲವೆಂಬಂತೆ ಎಲೆ ತಿನ್ನುತ್ತಿತ್ತು. 

ಅಕ್ಷತೆ ಬಿದ್ದ ಮೇಲೆ ಪುರೋಹಿತರು ಅಂದರು, "ಮುಗೀತು. ಇನ್ನ ಕಡೀರಿ. ಬೇರು ಉಳಿಬಾರದು ಮತ್ತ."

ಆಗ ಲಕ್ಷ್ಮೀಬಾಯಿ ಗಂಡನ ಹತ್ತಿರ ಹೋಗಿ ಏನೋ ಅಂದರು. ನನಗೆ ಕೇಳಿಸಲಿಲ್ಲ, ಆಮೇಲೆ ಅವರೇ ಹೇಳಿದರು: "ಬೇರು ಬಿಡ್ರಿ. ನಿಮ್ಮನ್ನ ಏನೂ ಕೇಳಿದಾಕಿ ಅಲ್ಲ ನಾನು. ಇದೊಂದು ಮಾಡ್ರಿ." ಆಚಾರ್ರು ಕುಡುಗೋಲಿನಿಂದ ಗಿಡವನ್ನು ನೆಲದ ಮಟ್ಟಕ್ಕೆ ಕಡಿದರು. ಹಾಲು ಸುರಿದು ನೆಲ ಬೆಳ್ಳಗಾಯಿತು. "ನೆಲ ಗಟ್ಟಿ ಐತಿ, ಬೇರು ನಾಳೆ ಆಳು ಹಚ್ಚಿ ತೆಗಿಸ್ತೀನಿ ವೈನಿ" ಎಂದರು. ಯಂಕೂಬಾಯಿಗೆ ಬಸ್ಸಿನ ಅವಸರ. ಸುಶಮೀಂದ್ರ ಹೆಂಡತಿ ಸತ್ತವನ ಹಾಗೆ ತಲೆಗೆ ನೀರು ಹಾಕಿಕೊಂಡ, ಎಲ್ಲರೂ ಹೊರಟರು. ಆ ನಾಳೆ ಬರಲಿಲ್ಲ. ಜನ್ಮದಲ್ಲಿ ಸುಳ್ಳಾಡದ ಆಚಾರ್ರು ಹೆಂಡತಿಗಾಗಿ ಒಂದು ಸುಳ್ಳಾಡಿದರು. ಅದಕ್ಕೆ ನಾನು ಅವರಿಗೆ ಈಗಲೂ ಕೈ ಮುಗಿಯುತ್ತೇನೆ.

ಎಕ್ಕ ಸುಲಭಕ್ಕೆ ಸಾಯುವ ಗಿಡವಲ್ಲ. ಮೊದಲ ಮಳೆಗೆ ಬುಡದಿಂದ ಬೂದು ಬಣ್ಣದ ಚಿಗುರು ಎದ್ದಿತು. ಅಷ್ಟರಲ್ಲಿ ಸುಶಮೀಂದ್ರನ ನಿಜವಾದ ಮದುವೆಯೂ ಆಗಿತ್ತು. ಹುಡುಗಿ ಕೃಷ್ಣಪ್ರಿಯಾ, ಉಂಡವಳ್ಳಿ ಕಡೆಯ ಅರ್ಚಕರ ಮಗಳು, ಮೂವತ್ತು ತುಂಬಿದವಳು. ಮೂಲಾ ನಕ್ಷತ್ರ ಎಂದು ಇಷ್ಟು ವರ್ಷ ಯಾರೂ ಮಾಡಿಕೊಂಡಿರಲಿಲ್ಲ. ಆ ನಕ್ಷತ್ರದವಳು ಬಂದರೆ ಮಾವನಿಗೆ ಆಗುವುದಿಲ್ಲವಂತೆ. ಇಲ್ಲಿ ಮಾವ ಮೊದಲೇ ಇಲ್ಲ. ಎರಡೂ ಕಡೆಯವರಿಗೆ ಅನುಕೂಲವಾಯಿತು.

ಹೊಸ ಜೋಡಿ ಆಶೀರ್ವಾದಕ್ಕೆ ಮಕ್ತಲ್‌ಗೆ ಬಂದಾಗ ಕೃಷ್ಣಪ್ರಿಯಾ ಕೈ ತೊಳೆಯಲು ಹಿತ್ತಲಿಗೆ ಬಂದಳು. ಮೊಣಕಾಲೆತ್ತರದ ಚಿಗುರನ್ನು ಲಕ್ಷ್ಮೀಬಾಯಿ ಹಳೆಯ ಬುಟ್ಟಿ ಕವುಚಿ ಮುಚ್ಚಿಟ್ಟಿದ್ದರು. ಇವಳು ಬುಟ್ಟಿ ಎತ್ತಿಬಿಟ್ಟಳು. ಲಕ್ಷ್ಮೀಬಾಯಿಯ ಮುಖ ಬಿಳುಚಿಕೊಂಡಿತು. ಹುಡುಗಿ ಒಂದು ಗಳಿಗೆ ನೋಡಿದಳು, ಆಮೇಲೆ ಸೊಂಟಕ್ಕೆ ಕೈಯಿಟ್ಟುಕೊಂಡು ನಕ್ಕಳು. "ಓಹೋ! ನಮ್ಮಕ್ಕ ಏನ್ರಿ ಕಾಕು? ನನಗಿಂತ ಮೊದಲು ಬಂದಾಕಿ, ನಮಸ್ಕಾರ ಮಾಡ್ಲೇಬೇಕಲ್ಲ." ಹಣೆಯ ಕುಂಕುಮವನ್ನೇ ಬೆರಳಿಗೆ ತೆಗೆದು ಎಲೆಗೆ ಹಚ್ಚಿದಳು. ಬುಟ್ಟಿ ಮತ್ತೆ ಮುಚ್ಚಿ, "ನಾ ಏನೂ ನೋಡಿಲ್ರಿ" ಎಂದು ಒಳಗೆ ಹೋದಳು. ಕಾಕು ಅಂದರೆ ಚಿಕ್ಕಮ್ಮ; ಲಕ್ಷ್ಮೀಬಾಯಿಗೆ ಅವಳು ಆ ಗಳಿಗೆಯಲ್ಲೇ ಮಗಳಾದಳು.

ಆಮೇಲೆ ಆಕೆ ಆಗಾಗ ಶನಿವಾರ ಬರತೊಡಗಿದಳು. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಆದದ್ದರಿಂದ ಯಂಕೂಬಾಯಿಯವರ ಕೈ ನೋಡಬೇಕಾಗಿರಲಿಲ್ಲ. ಆಧಾರ್ ಕಾರ್ಡು ತೋರಿಸಿದರೆ ಸಾಕು, ಆತ್ಮಕೂರಿನಲ್ಲಿ ಇಳಿದು ಇನ್ನೊಂದು ಬಸ್ಸು. ಕಾಕಾನವರಿಗೆ ಪೂಜೆಗೆ ಸಹಾಯ ಎಂದು ಮನೆಯಲ್ಲಿ ಹೇಳಿ ಬರುವಳು. ಬಂದವಳೇ ಸೀರೆ ಎತ್ತಿ ಕಟ್ಟಿ ಹಿತ್ತಲಿಗೆ. "ಅಕ್ಕಾ, ಹೆಂಗಿದ್ದೀ? ಈ ವಾರ ಎಷ್ಟು ಮಕ್ಕಳು?" ಎಂದು ಗಿಡವನ್ನು ಮಾತಾಡಿಸುವಳು. ಇಬ್ಬರೂ ಎಲೆಗಳ ತಳ ತಿರುಗಿಸಿ ಮೊಟ್ಟೆ ಹುಡುಕುವರು. ಎಕ್ಕದ ಹಾಲು ಕಣ್ಣಿಗೆ ಬಿದ್ದೀತೆಂದು ಲಕ್ಷ್ಮೀಬಾಯಿ ಆಕೆಗೆ ತಮ್ಮ ಹಳೆಯ ಚಾಳೀಸು ಕನ್ನಡಕ ಹಾಕಿಸುವರು. ಅದನ್ನು ಹಾಕಿಕೊಂಡು ಆ ಹುಡುಗಿ ಎತ್ತ ನೋಡಿದರೂ ಎಡವುತ್ತಿದ್ದಳು. ಗೋಡೆಯಾಚೆ ಅಷ್ಟು ನಗು ಅದಕ್ಕೆ ಮುಂಚೆ ನಾನು ಕೇಳಿರಲಿಲ್ಲ.

ಗಿಡ ಮತ್ತೆ ಆಳೆತ್ತರವಾಯಿತು. ಬುಟ್ಟಿಯಲ್ಲಿ ಎಷ್ಟು ದಿನ ಮುಚ್ಚಲಾದೀತು?

ಕೃಷ್ಣಪ್ರಿಯಾಳಿಗೆ ಒಮ್ಮೆ ಬಸಿರು ನಿಂತು ಮೂರು ತಿಂಗಳಿಗೆ ಹೋಯಿತು. ಆಮೇಲೆ ನಿಲ್ಲಲೇ ಇಲ್ಲ. ಆ ವರ್ಷ ಆಚಾರ್ರ ತಂದೆಯ ಶ್ರಾದ್ಧಕ್ಕೆಂದು ಮಕ್ತಲ್‌ಗೆ ಬಂದ ಯಂಕೂಬಾಯಿ ಬಚ್ಚಲಿಗೆ ಹೋದವರು ಅಲ್ಲಿಂದಲೇ ಚೀರಿದರು. ನಾನು ಚಪಾತಿ ಹಂಚಿನ ಮೇಲೆ ಬಿಟ್ಟು ಗೋಡೆಗೆ ಬಂದೆ. ಗಿಡ ಮೈತುಂಬ ಹೂಬಿಟ್ಟು ನಿಂತಿತ್ತು. ಯಂಕೂಬಾಯಿ ಎದೆ ಎದೆ ಬಡಿದುಕೊಳ್ಳುತ್ತಿದ್ದರು. "ಜೀವಂತ ಇಟ್ಟಾರಲ್ಲೋ! ಸವತಿನ್ನ ಜೀವಂತ ಇಟ್ಟು ನೀರು ಹಾಕ್ಯಾರ! ನನ್ನ ಸೊಸಿ ಹೊಟ್ಟಿ ಯಾಕ ನಿಲ್ಲವಲ್ದು ಅಂತ ನಾ ಊರ ದೇವರಿಗೆಲ್ಲಾ ಕೈಮುಗಿದೆ. ಇಲ್ಲಿ ಕುಂತಾಳ ನೋಡ್ರಿ ನುಂಗಾಕಿ!"  ಆಚಾರ್ರ ಒಂದೇ ಒಂದು ಸುಳ್ಳು ಎಲ್ಲರ ಎದುರಿಗೆ ಹೂಬಿಟ್ಟು ನಿಂತಿತ್ತು. ಯಂಕೂಬಾಯಿ ಶ್ರಾದ್ಧದ ಊಟ ಮಾಡದೆ ಹೋದರು.

ಮರುದಿನದಿಂದ ಫೋನು. ಬೆಳಿಗ್ಗೆ ಒಂದು, ಸಂಜೆಗೆ ಒಂದು. ಕಿತ್ತಿರೇನು? ಯಾವಾಗ ಕೀಳ್ತೀರಿ? ಲಕ್ಷ್ಮೀಬಾಯಿ ಒಂದು ಮಳೆಗಾಲ ಪೂರ್ತಿ ಹಿಡಿದು ನಿಂತರು. "ಗಿಡಕ್ಕೂ ಬಸಿರಿಗೂ ಏನು ಸಂಬಂಧ ಹೇಳ್ರಿ ಟೀಚರ್. ಅದು ತನ್ನ ಪಾಡಿಗೆ ತಾನು ಹುಳಕ್ಕ ಉಣ್ಣಾಕ ಕೊಡತೈತಿ." ನಾನೂ ಉರಿದುಬಿದ್ದೆ. "ಕೀಳಬ್ಯಾಡ್ರಿ. ಆಯಮ್ಮ ಏನು ಮಾಡತಾಳ ನೋಡೇಬಿಡೋಣ!" ಆದರೆ ಕೃಷ್ಣಪ್ರಿಯಾ ಬರುವುದು ನಿಂತಿತು. ಆ ಮನೆಗೆ ಕಾಲಿಡಕೂಡದೆಂದು ಅಪ್ಪಣೆಯಾಗಿತ್ತು. ಫೋನಿನಲ್ಲಿ "ಆರಾಮ ಅದೀನ್ರಿ ಕಾಕು" ಎಂದು ಇಟ್ಟುಬಿಡುತ್ತಿದ್ದಳು. ಶನಿವಾರ ಬಂತೆಂದರೆ ಲಕ್ಷ್ಮೀಬಾಯಿ ಸುಮ್ಮನೆ ಬಾಗಿಲ ಕಡೆ ನೋಡುವರು.

ತಡೆಯಲಾರದೆ ಒಂದು ದಿನ ಅವರೇ ಗದ್ವಾಲಕ್ಕೆ ಹೋದರು. ಅಲ್ಲಿ ಸತ್ಯನಾರಾಯಣ ಪೂಜೆ ಇತ್ತು, ಹತ್ತಾರು ಹೆಂಗಸರು ಕೂಡಿದ್ದರು. ಕೃಷ್ಣಪ್ರಿಯಾ ಇಳಿದುಹೋಗಿದ್ದಳಂತೆ, ಹಿಂದಿನ ಕೋಣೆಯಲ್ಲಿ ಕೂತು ಹೂ ಕಟ್ಟುತ್ತಿದ್ದಳಂತೆ. ಇವರು ಹತ್ತಿರ ಹೋಗುವ ಮೊದಲೇ ಯಂಕೂಬಾಯಿ ಎಲ್ಲರಿಗೂ ಕೇಳುವ ಹಾಗೆ ಅಂದರಂತೆ: "ಪಾಪ, ಈ ಹುಡುಗೀದೇನೂ ತಪ್ಪಿಲ್ರಿ. ಮಕ್ತಲದಾಗ ಒಂದು ಎಕ್ಕಿ ಐತಿ, ಅದು ನಮ್ಮನಿ ವಂಶ ತಿನ್ನಾಕ ಹತ್ತೈತಿ. ನೀರು ಹಾಕಿ ಸಾಕಿದ ಪುಣ್ಯಾತಗಿತ್ತಿ ಇಲ್ಲೇ ಕುಂತಾಳ ನೋಡ್ರಿ." ಎಲ್ಲ ಹೆಂಗಸರೂ ಲಕ್ಷ್ಮೀಬಾಯಿಯ ಕಡೆ ತಿರುಗಿದರು. ಅವರು ಅರಿಸಿನ ಕುಂಕುಮ ತೆಗೆದುಕೊಂಡು ಎದ್ದುಬಂದರು.

ಆ ಸಂಜೆ ಗೋಡೆಗೆ ಬಂದು ಗಲ್ಲ ಊರಿ ನಿಂತರು. "ಟೀಚರ್, ತಿಂಗಳಾ ತಿಂಗಳಾ ನಾ ಹೊರಗ ಕುಂತಾಗ ನಮ್ಮತ್ತಿ ಏನಂತಿದ್ರು ಗೊತ್ತೇನ್ರಿ? 'ಈ ಸಲಾನೂ ಕುಂತಿ?' ಅಷ್ಟ. ಬಡಿಲಿಲ್ಲ, ಬೈಲಿಲ್ಲ. ಬರೇ ಅಷ್ಟ. ಹದಿನೈದು ವರ್ಷ. ಆ ಕೂಸಿಗೆ ಅದು ಬರಬಾರದು. ನನ್ನ ಗಿಡದ ಸಲುವಾಗಿ ಬರಬಾರದು."

"ಗಿಡ ಕಿತ್ರ ಬಸಿರು ನಿಲ್ಲತೈತೇನ್ರಿ ಬಾಯಾರ?" ಎಂದೆ.

"ಇಲ್ಲ. ಆದ್ರ ಮಂದಿ ಬಾಯಿ ನಿಲ್ಲತೈತಿ."

ನಾನು ಎಷ್ಟೋ ಹೇಳಿದೆ, ಕೇಳಲಿಲ್ಲ. ಮಾರನೆಯ ದಿನ ಬುಚ್ಚಮ್ಮನ ಗಂಡ ಅಂಜಯ್ಯ ಹಾರೆ ಹಿಡಿದು ಬಂದ. ಮಗ್ಗದ ಕೆಲಸ ಕಡಿಮೆಯಾದ ಮೇಲೆ ಓಣಿಯವರ ಅಗೆತದ ಕೆಲಸವನ್ನೂ ಅವನೇ ಮಾಡುತ್ತಾನೆ. ಹೂ ತುಂಬಿದ ಗಿಡ ನೋಡಿ ಅವನೂ ಹಿಂದೆ ಮುಂದೆ ನೋಡಿದ. "ಅಮ್ಮಾ, ಇಷ್ಟು ಚೆಂದ ಐತಿ, ವದ್ದಮ್ಮಾ. ಬ್ಯಾಡ ಬಿಡ್ರಿ." "ಅಗಿಯೋ ಅಂಜಯ್ಯ" ಎಂದರು. ಅದಕ್ಕೂ ಮೊದಲು ಒಂದೊಂದೇ ಎಲೆ ತಿರುಗಿಸಿ, ಹುಳಗಳನ್ನು ಎಲೆಸಮೇತ ಮೊರಕ್ಕೆ ಹಾಕಿಕೊಂಡು, ಸೆರಗು ಮುಚ್ಚಿ, ಊರ ಹೊರಗಿನ ಸೇತುವೆಯ ಕೆಳಗೆ ಉಳಿದಿದ್ದ ಒಂದು ಬಡಕಲು ಎಕ್ಕಕ್ಕೆ ಬಿಟ್ಟು ಬಂದರು. ಅಷ್ಟು ಹುಳಕ್ಕೆ ಆ ಗಿಡ ಎಲ್ಲಿ ಸಾಲಬೇಕು?

ಬೇರು ಆಳಕ್ಕಿತ್ತು. ಅಂಜಯ್ಯ ಸೊಂಟಮಟ್ಟ ಅಗೆದು, "ಇನ್ನ ಸಾಕಮ್ಮಾ" ಎಂದ. ಇವರು ಕೇಳಲಿಲ್ಲ. ತಾವೇ ಗುಂಡಿಗೆ ಇಳಿದು, ಸಣ್ಣ ಸಣ್ಣ ಬೇರುಗಳನ್ನೂ ಬೆರಳಿಂದ ಬಿಡಿಸಿ, ಮಣ್ಣನ್ನು ಅಕ್ಕಿ ಆರಿಸಿದ ಹಾಗೆ ಆರಿಸಿದರು. ಅಳಲಿಲ್ಲ. ಗದ್ವಾಲದಿಂದ ಫೋನು ಬಂತು: ಗುಂಡಿಗೆ ಉಪ್ಪು ಹಾಕಿರಿ, ಫೋಟೊ ಕಳಿಸಿರಿ. ಒಂದು ಚೀಲ ಉಪ್ಪು ತರಿಸಿ ಸುರಿದರು. ಫೋಟೊ ಕಳಿಸಿದವಳು ನಾನು, ನನ್ನ ಫೋನಿನಿಂದ, ಹಲ್ಲು ಕಡಿಯುತ್ತ. ಅತ್ತಲಿಂದ ಕೈಮುಗಿದ ಚಿತ್ರವೊಂದು ಬಂತು. ಥೂ!

ವಾರದೊಳಗೆ ಉಪ್ಪಿಗೆ ಕುಂಬಳಬಳ್ಳಿಯೂ ಕರಗಿಹೋಯಿತು. ಕೇಸರಿ ಚಿಟ್ಟೆಗಳು ಕೆಲವು ದಿನ ಬಂದವು. ಗಿಡವಿದ್ದ ಜಾಗದಲ್ಲಿ ಗಾಳಿಯಲ್ಲೇ ಸುತ್ತಿ ಸುತ್ತಿ, ಬಚ್ಚಲ ಗೋಡೆಯ ಮೇಲೆ ಕೂತು, ಮತ್ತೆ ಸುತ್ತಿ, ಹೋದವು. ಲಕ್ಷ್ಮೀಬಾಯಿ ಹಿತ್ತಲ ಬಾಗಿಲು ಮುಚ್ಚಿಟ್ಟರು. ಆಚಾರ್ರು ಶನಿವಾರ ಮತ್ತೆ ಸೈಕಲ್ ಹೊರಗೆ ತೆಗೆದರು.

ಆದರೂ ಅವರಿಗೆ ಒಂದು ಸಮಾಧಾನವಿತ್ತು. "ಈಗ ಆ ಹುಡುಗಿ ಆರಾಮ ಇರತಾಳ" ಎಂದು ದಿನಕ್ಕೊಮ್ಮೆಯಾದರೂ ಅನ್ನುತ್ತಿದ್ದರು. ನಾನೂ ಹೂಂಗುಟ್ಟುತ್ತಿದ್ದೆ. ಮತ್ತೇನು ಮಾಡಲಿ?

ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ, ರಜೆಯ ದಿನ, ನಾನು ಹಪ್ಪಳ ಒಣಹಾಕುತ್ತಿದ್ದೆ. ಪಕ್ಕದ ಹಿತ್ತಲ ಬಾಗಿಲು ತೆರೆದ ಸದ್ದಾಯಿತು. 'ಅಕ್ಕಾ, ಹೆಂಗಿದ್ದೀ' ಎಂಬ ಕೂಗು ಬರಲಿಲ್ಲ. ಎದ್ದು ನೋಡಿದೆ. ಕೃಷ್ಣಪ್ರಿಯಾ ನಿಂತಿದ್ದಳು, ಕೈಯಲ್ಲಿ ದೊಡ್ಡದೊಂದು ಬಟ್ಟೆಯ ಚೀಲ. ನೆಲ ನೋಡುತ್ತಿದ್ದಳು. ಹಿಂದಿನಿಂದ ಲಕ್ಷ್ಮೀಬಾಯಿ ಒದ್ದೆಕೈ ಒರೆಸಿಕೊಳ್ಳುತ್ತ ಓಡಿಬಂದರು. ಮುಖದಲ್ಲಿ ಬೆಳಕು. "ಬಂದೇನವ್ವಾ! ಬಿಟ್ರೇನು ಬರಾಕ? ನೋಡು, ಮುಗಿಸಿಬಿಟ್ಟೆ. ಬೇರುಸಮೇತ ತೆಗದೀನಿ. ಇನ್ನ ನಿನಗ ಯಾರೂ ಏನೂ ಅನ್ನಂಗಿಲ್ಲ."

ಆಕೆ ತಿರುಗಿ ನೋಡಿದಳು. 

"ಕಾಕು, ಯಾಕ ಕಿತ್ತೀರಿ?"

"ನಿನ್ನ ಸಲುವಾಗೇ ಅಲ್ಲೇನವ್ವಾ..."

"ಅದು ಇರೋತನಕ ಎಲ್ಲಾರೂ ಅದಕ್ಕ ಬೈತಿದ್ರು ಕಾಕು. ಹುಡುಗೀದೇನೂ ತಪ್ಪಿಲ್ಲ, ಎಲ್ಲಾ ಎಕ್ಕಿದು ಅಂತಿದ್ರು. ನೀವೂ ಕೇಳೀರಿ. ನಾ ಸುಮ್ಮನ ಹೂ ಕಟ್ಟಿಕೋತ ಕುಂತಿರ್ತಿದ್ದೆ. ನಮ್ಮಕ್ಕ ಅಲ್ಲಿ ನಿಂತು ಬೈಸಿಕೊಳ್ಳಾಕ ಹತ್ಯಾಳ, ಇರಲಿ, ನನಗಿಂತ ಗಟ್ಟಿ ಅದಾಳ ಅಂತಿದ್ದೆ." ಆಕೆಯ ದನಿ ನಡುಗಲಿಲ್ಲ, ಅದನ್ನೇ ನನಗೆ ಕೇಳಲಾಗಲಿಲ್ಲ. "ನೀವು ಫೋಟೊ ಕಳಿಸಿದ ಮ್ಯಾಲೆ ಎರಡು ತಿಂಗಳು ನೋಡಿದ್ರು. ಎಕ್ಕಿ ಸತ್ರೂ ಏನೂ ಆಗಲಿಲ್ಲ ಅಂದ್ರ ದೋಷ ಇವಳ ಹೊಟ್ಟ್ಯಾಗೇ ಐತಿ ಅಂದ್ರು. ಈಗ ಆ ಮನ್ಯಾಗ ಬೈಯಾಕ ನಾ ಒಬ್ಬಾಕಿನೇ ಉಳಿದೀನ್ರಿ. ನಮ್ಮಪ್ಪಗ ಫೋನ್ ಮಾಡ್ಯಾರ, ಕರಕೊಂಡು ಹೋಗ್ರಿ ಅಂತ. ಉಂಡವಳ್ಳಿಗೆ ಹೋಗೂಕಿಂತ ಮೊದಲು ಇಲ್ಲಿಗೆ ಬಂದೆ."

ಲಕ್ಷ್ಮೀಬಾಯಿ ಬಾಗಿಲ ಚೌಕಟ್ಟು ಹಿಡಿದುಕೊಂಡರು.  ಆಮೇಲೆ ತಟ್ಟನೆ ಬಂದು ಗುಂಡಿ ಮುಚ್ಚಿದ ಜಾಗದಲ್ಲಿ ಮೊಣಕಾಲೂರಿ ಕೂತು ಕೈಯಿಂದ ಮಣ್ಣು ಕೆದರತೊಡಗಿದರು. "ಇರತೈತಿ... ಎಲ್ಲೆರ ಒಂದು ಬೇರು ಇರತೈತಿ... ಎಕ್ಕಿ ಅಷ್ಟು ಸುಲಭ ಸಾಯಂಗಿಲ್ಲವ್ವಾ, ಬಾ, ನೋಡೂಣು ಬಾ." ಕೃಷ್ಣಪ್ರಿಯಾ ಚೀಲ ಕೆಳಗಿಟ್ಟು ಎದುರಿಗೆ ಕೂತಳು. ಇಬ್ಬರೂ ಅಗೆದರು. ಉಪ್ಪುಮಣ್ಣು ಉಗುರಿನ ಸಂದಿಗೆ ಹೋಗಿ ಲಕ್ಷ್ಮೀಬಾಯಿಯ ಬೆರಳು ಬಿರಿದು ರಕ್ತ ಬಂತು. ನಾನು ಗೋಡೆ ಹತ್ತಿ ಆಚೆ ಇಳಿದು, ನಾನೂ ಕೂತು ಕೆದರಿದೆ.

ಒಂದು ಎಳೆ ಬೇರೂ ಸಿಗಲಿಲ್ಲ. ಲಕ್ಷ್ಮೀಬಾಯಿ ಯಾವ ಕೆಲಸವನ್ನೂ ಅರ್ಧಕ್ಕೆ ಬಿಟ್ಟವರಲ್ಲ.